ಅಂಕಿ ಎಲ್ಲರಿಗೂ, ಲೆಕ್ಕ ರೂಟ್‌ಗೆ ಮಾತ್ರ

ಲ್ಯಾಪ್‌ಟಾಪಿನ ಫರ್ಮ್‌ವೇರ್ (ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಮುಗಿಸಿ ಮತ್ತೆ ಆನ್ ಮಾಡಿದೆ. ಪಾಸ್‌ವರ್ಡ್ ಕೇಳಬೇಕಿದ್ದ ಜಾಗದಲ್ಲಿ ನೀಲಿ ಪರದೆ ಬಂತು, 48 ಅಂಕಿಗಳ ರಿಕವರಿ ಕೀ ಕೊಡಿ ಎಂದಿತು. ಎಲ್ಲೋ ಬರೆದಿಟ್ಟಿದ್ದ ಕೀ ಹುಡುಕಲು ಅರ್ಧ ದಿನ ಹಿಡಿಯಿತು. ಸಿಕ್ಕಿತು, ಡಿಸ್ಕ್ ತೆರೆದುಕೊಂಡಿತು, ಕೆಲಸ ಸಾಗಿತು. ಆದರೆ ಏನು ಬದಲಾಯಿತು ಅಂತ ಯಂತ್ರ ಬಾಗಿಲು ಹಾಕಿಕೊಂಡಿತು ಎಂಬ ಪ್ರಶ್ನೆಗೆ ಆ ಪರದೆಯೂ ಉತ್ತರ ಕೊಡಲಿಲ್ಲ, ಆಮೇಲೆ ಜಾಲಾಡಿದ ಸೆಟ್ಟಿಂಗ್ಸ್ ಪುಟಗಳೂ ಕೊಡಲಿಲ್ಲ.

ಬಾಗಿಲು ಹಾಕಿದ್ದು ಟಿಪಿಎಂ, ಅಂದರೆ ಟ್ರಸ್ಟೆಡ್ ಪ್ಲಾಟ್‌ಫಾರ್ಮ್ ಮಾಡ್ಯೂಲ್. ಅದು ಬೋರ್ಡಿನ ಮೇಲೆ ಪ್ರತ್ಯೇಕ ಚಿಪ್ಪಾಗಿ ಕೂತಿರಬಹುದು, ಪ್ರೊಸೆಸರಿನೊಳಗೆ ಫರ್ಮ್‌ವೇರ್ ರೂಪದಲ್ಲಿ ಅಡಗಿರಬಹುದು. ಟಿಪಿಎಂ 2.0 ಇಲ್ಲದ ಯಂತ್ರಕ್ಕೆ ವಿಂಡೋಸ್ 11 ಇಲ್ಲ ಎಂದು 2021ರಲ್ಲಿ ಮೈಕ್ರೋಸಾಫ್ಟ್ ಹೇಳಿದ ಮೇಲೆ ಈ ಮೂರಕ್ಷರ ಎಲ್ಲರ ಕಿವಿಗೂ ಬಿತ್ತು. ಕೀಲಿಗಳನ್ನು ಬಚ್ಚಿಡುವ ಪೆಟ್ಟಿಗೆ ಅಂತಲೇ ಇದನ್ನು ಬಹುತೇಕರು ತಿಳಿದಿರುವುದು. ಅದರ ಇನ್ನೊಂದು ಕೆಲಸ ಯಂತ್ರ ಎಚ್ಚರಾಗುವಾಗ ಏನೇನು ಓಡಿತು ಎಂಬುದರ ಅಳತೆ ಹಿಡಿದಿಟ್ಟುಕೊಳ್ಳುವುದು. ಆ ಅಳತೆಯನ್ನು ಆಪರೇಟಿಂಗ್ ಸಿಸ್ಟಮ್ ತನ್ನ ಬಳಕೆದಾರರಿಗೆ ತೋರಿಸಬೇಕೆ, ತೋರಿಸಿದರೆ ಯಾವ ರೂಪದಲ್ಲಿ ಎಂಬ ವಾದ ಎಂಜಿನಿಯರುಗಳ ನಡುವೆ ವರ್ಷಗಳಿಂದ ನಡೆದಿದೆ. ಹೊರಗಿನವರಿಗೆ ಇದು ಕೂದಲು ಸೀಳುವ ಚರ್ಚೆ ಅನ್ನಿಸಬಹುದು. ನೀಲಿ ಪರದೆಯ ಮುಂದೆ ಅರ್ಧ ದಿನ ಕಳೆದವರಿಗೆ ಹಾಗನ್ನಿಸುವುದಿಲ್ಲ.

ಗಂಟಿನ ಮೇಲೆ ಗಂಟು

ಟಿಪಿಎಂ ಒಳಗೆ 24 ವಿಶೇಷ ರಿಜಿಸ್ಟರುಗಳಿವೆ, 0ರಿಂದ 23ರವರೆಗೆ. ಇವಕ್ಕೆ ಪಿಸಿಆರ್ ಎಂದು ಹೆಸರು. ಇವುಗಳಿಗೆ ನೇರವಾಗಿ ಏನನ್ನೂ ಬರೆಯಲಾಗದು. ಮಾಡಲು ಬರುವುದು ಒಂದೇ ಕೆಲಸ: ಹಳೆಯ ಮೌಲ್ಯದ ಬಾಲಕ್ಕೆ ಹೊಸ ಹ್ಯಾಶ್ (ದತ್ತಾಂಶದಿಂದ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಅಂಕಿ) ಜೋಡಿಸಿ, ಎರಡನ್ನೂ ಒಟ್ಟಿಗೆ ಮತ್ತೆ ಹ್ಯಾಶ್ ಮಾಡಿ, ಬಂದದ್ದನ್ನು ಅದೇ ರಿಜಿಸ್ಟರಿನಲ್ಲಿ ಇಡುವುದು. ಇದಕ್ಕೆ ಎಕ್ಸ್‌ಟೆಂಡ್ ಅನ್ನುತ್ತಾರೆ. ಗಂಟಿನ ಮೇಲೆ ಗಂಟು ಹಾಕುತ್ತ ಹೋದ ಹಾಗೆ. ನಡುವಿನ ಒಂದು ಗಂಟನ್ನು ಮಾತ್ರ ಬಿಚ್ಚಲು ಬಾರದು, ಹಾಕಿದ ಕ್ರಮ ಬದಲಿಸಲೂ ಬಾರದು. ಕೆಲವು ರಿಜಿಸ್ಟರುಗಳನ್ನು ಬಿಟ್ಟರೆ, ಯಂತ್ರ ಮರುಚಾಲನೆಯಾದಾಗ ಮಾತ್ರ ಎಲ್ಲ ಮೊದಲಿನಿಂದ.

ಪವರ್ ಗುಂಡಿ ಒತ್ತಿದ ಕೂಡಲೇ ಓಡುವ ಮೊದಲ ತುಣುಕು ಕೋಡ್, ತನ್ನ ಮುಂದಿನ ತುಣುಕನ್ನು ಓಡಿಸುವ ಮೊದಲೇ ಅದರ ಹ್ಯಾಶ್ ತೆಗೆದು ಟಿಪಿಎಂಗೆ ಕಳಿಸುತ್ತದೆ. ಆ ತುಣುಕು ತನ್ನ ಮುಂದಿನದಕ್ಕೆ ಹಾಗೆಯೇ ಮಾಡುತ್ತದೆ. ಪಿಸಿಆರ್ 0 ಫರ್ಮ್‌ವೇರ್ ಕೋಡಿನದು. 4 ಬೂಟ್‌ಲೋಡರಿನದು, ಅಂದರೆ ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ತುಣುಕಿನದು. 5ರಲ್ಲಿ ಡಿಸ್ಕಿನ ಪಾರ್ಟಿಷನ್ ಪಟ್ಟಿ. 7ರಲ್ಲಿ ಸೆಕ್ಯೂರ್ ಬೂಟ್ (ನಂಬಿದವರ ಸಹಿಯಿರುವ ಕೋಡನ್ನು ಮಾತ್ರ ಬೂಟ್ ಮಾಡಲು ಬಿಡುವ ವ್ಯವಸ್ಥೆ) ಸ್ಥಿತಿ, ಅಂದರೆ ಅದು ಚಾಲೂ ಇದೆಯೇ, ಯಾರ ಸರ್ಟಿಫಿಕೇಟ್ ನಂಬಿದೆ, ಯಾವುದನ್ನು ಬಹಿಷ್ಕರಿಸಿದೆ. 8 ಮತ್ತು 9ನ್ನು ಗ್ರಬ್ ಎಂಬ ಬೂಟ್‌ಲೋಡರ್ ಬಳಸುತ್ತದೆ, 10ನ್ನು ಲಿನಕ್ಸ್ ಕರ್ನಲ್ಲಿನ (ಆಪರೇಟಿಂಗ್ ಸಿಸ್ಟಮಿನ ತಿರುಳಿನ) ಐಎಂಎ ಎಂಬ ಅಳೆಯುವ ಭಾಗ, 11ನ್ನು ಲಿನಕ್ಸಿನ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಮತ್ತು ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ತಮ್ಮ ತಮ್ಮ ರೀತಿಯಲ್ಲಿ.

ಡಿಸ್ಕಿನ ಕೀಲಿಯನ್ನು ಟಿಪಿಎಂ ಒಳಗೆ ಸೀಲ್ ಮಾಡುವಾಗ, ಇಂಥಿಂಥ ಪಿಸಿಆರ್‌ಗಳಲ್ಲಿ ಇಂಥದ್ದೇ ಮೌಲ್ಯ ಇದ್ದರೆ ಮಾತ್ರ ಕೊಡು ಎಂದು ಷರತ್ತು ಹಾಕಬಹುದು. ನನ್ನ ಲ್ಯಾಪ್‌ಟಾಪ್ ಬಾಗಿಲು ಹಾಕಿಕೊಂಡದ್ದು ಈ ಷರತ್ತು ಮುರಿದದ್ದಕ್ಕೆ. ಇಲ್ಲೊಂದು ಸೂಕ್ಷ್ಮ ಇದೆ. ಚಿಪ್ಪಿಗೆ ಗೊತ್ತಿದ್ದದ್ದು ಮೌಲ್ಯ ಬೇರೆಯಾಗಿದೆ ಎಂಬುದಷ್ಟೇ. ಯಾಕೆ ಬೇರೆಯಾಯಿತು ಎಂಬುದು ಅದಕ್ಕೂ ಗೊತ್ತಿಲ್ಲ. ಆ ವಿವರ ಇರುವುದು ಈವೆಂಟ್ ಲಾಗ್ ಎಂಬ ಬೇರೊಂದು ಪಟ್ಟಿಯಲ್ಲಿ. ಪ್ರತಿ ಸಲ ಎಕ್ಸ್‌ಟೆಂಡ್ ಮಾಡಿದಾಗ ಫರ್ಮ್‌ವೇರ್ ‘ಇದನ್ನು ಅಳೆದೆ, ಈ ಹ್ಯಾಶ್ ಬಂತು’ ಎಂದು ಸಾಮಾನ್ಯ ಮೆಮೊರಿಯಲ್ಲಿ ಒಂದು ಸಾಲು ಬರೆದಿಡುತ್ತದೆ. ಪಿಸಿಆರ್ ಎಂದರೆ ಮೊತ್ತ, ಲಾಗ್ ಎಂದರೆ ಆ ಮೊತ್ತಕ್ಕೆ ಬಂದ ಲೆಕ್ಕ. ಯಂತ್ರದ ಹಿಡಿತ ಸಿಕ್ಕವರು ಲಾಗನ್ನು ತಿದ್ದಬಹುದು, ಆದರೆ ಸಾಲುಸಾಲಾಗಿ ಕೂಡಿಸಿ ನೋಡಿದರೆ ಚಿಪ್ಪಿನೊಳಗಿನ ಮೊತ್ತಕ್ಕೆ ತಾಳೆಯಾಗುವುದಿಲ್ಲ. ತಾಳೆಯಾದರೆ ಲಾಗ್ ಸಾಚಾ.

ಲಿನಕ್ಸ್ ಕೊಟ್ಟಿತು, ಕಿತ್ತುಕೊಂಡಿತು, ಮತ್ತೆ ಕೊಟ್ಟಿತು

ಲಿನಕ್ಸ್ ಕರ್ನಲ್ಲಿಗೆ ಟಿಪಿಎಂ ಡ್ರೈವರ್ ಸೇರಿದ್ದು 2005ರಲ್ಲಿ. ಟಿಪಿಎಂ 1.2ರ ಕಾಲದಲ್ಲಿ ಸಿಸ್‌ಎಫ್‌ಎಸ್ (ಕರ್ನಲ್ ತನ್ನ ಒಳಗಿನ ಸ್ಥಿತಿಯನ್ನು ಫೈಲುಗಳಾಗಿ ತೋರಿಸುವ ಜಾಗ) ಒಳಗೆ ‘ಪಿಸಿಆರ್ಸ್’ ಎಂಬ ಒಂದು ಫೈಲಿತ್ತು. ಅದನ್ನು ತೆರೆದರೆ ಎಲ್ಲ ರಿಜಿಸ್ಟರುಗಳ ಮೌಲ್ಯ ಒಂದರ ಕೆಳಗೊಂದು ಬರುತ್ತಿತ್ತು. ಯಾವ ಲೈಬ್ರರಿಯೂ ಬೇಡ, ಯಾವ ಟೂಲೂ ಬೇಡ, ಫೈಲು ತೋರಿಸುವ ಕ್ಯಾಟ್ ಎಂಬ ಒಂದು ಕಮಾಂಡ್ ಸಾಕಿತ್ತು. ಸಿಸ್‌ಎಫ್‌ಎಸ್‌ನ ನಿಯಮ ಒಂದು ಫೈಲಿಗೆ ಒಂದೇ ಮೌಲ್ಯ ಎಂದು. ಈ ಫೈಲು ಆ ನಿಯಮವನ್ನು ರಾಜಾರೋಷವಾಗಿ ಮುರಿಯುತ್ತಿತ್ತು.

2015ರಲ್ಲಿ ಕರ್ನಲ್ಲಿಗೆ ಟಿಪಿಎಂ 2.0 ಬೆಂಬಲ ಬಂದಾಗ ಆ ಸೌಲಭ್ಯ ಜೊತೆಗೆ ಬರಲಿಲ್ಲ. ಹಾಗೆ ಬಿಟ್ಟದ್ದರ ಹಿಂದೆ ನ್ಯಾಯವಾದ ತರ್ಕವೂ ಇದೆ. ಕರ್ನಲ್ ಒಮ್ಮೆ ಬಳಕೆದಾರರಿಗೆ ತೋರಿಸಿದ್ದನ್ನು ಮುಂದೆಂದೂ ಹಿಂದಕ್ಕೆ ಪಡೆಯುವಂತಿಲ್ಲ, ಅದರ ಮೇಲೆ ಯಾರೋ ಏನನ್ನೋ ಕಟ್ಟಿರುತ್ತಾರೆ. ಟಿಪಿಎಂ ಡಿವೈಸ್ ಫೈಲಿನ ಮೂಲಕ ಕರ್ನಲ್ಲಿನ ಹೊರಗೆ ಓಡುವ ಯೂಸರ್‌ಸ್ಪೇಸ್ ಟೂಲುಗಳೇ ಇದನ್ನು ಓದಬಲ್ಲವು, ಕರ್ನಲ್ ಯಾಕೆ ಹೊರೆ ಹೊರಬೇಕು? ಮೇಲಾಗಿ 2.0ರಲ್ಲಿ ಪಿಸಿಆರ್‌ಗಳು ಒಂದೇ ಸೆಟ್ ಇರುವುದಿಲ್ಲ. ಶಾ-1 ಎಂಬ ಹ್ಯಾಶ್ ವಿಧಾನಕ್ಕೆ ಒಂದು ಸೆಟ್, ಅಂದರೆ ಬ್ಯಾಂಕ್, ಶಾ-256ಕ್ಕೆ ಇನ್ನೊಂದು, ಚಿಪ್ಪಿನಲ್ಲಿದ್ದರೆ ಶಾ-384ಕ್ಕೆ ಮತ್ತೊಂದು. ಯಾವುದನ್ನು ತೋರಿಸುವುದು?

ಎದುರು ವಾದ ಸರಳ. ಡಿಸ್ಕ್ ಇನ್ನೂ ತೆರೆಯದ ಹಂತದಲ್ಲಿ, ಇನಿಟ್‌ರಾಮ್‌ಎಫ್‌ಎಸ್ ಎಂಬ ತಾತ್ಕಾಲಿಕ ಪುಟ್ಟ ಫೈಲ್‌ಸಿಸ್ಟಮ್ ಒಳಗೆ, ಒಂದು ಮೌಲ್ಯ ಓದಲು ಇಡೀ ಟಿಪಿಎಂ ಲೈಬ್ರರಿ ಹೊತ್ತು ತರಬೇಕೆ? ಒಂದು ಶೆಲ್ ಸ್ಕ್ರಿಪ್ಟ್ ಓದಿಕೊಳ್ಳುವಂತಿರಬಾರದೆ? ಕೊನೆಗೆ ಕರ್ನಲ್ ಡೆವಲಪರ್ ಜೇಮ್ಸ್ ಬಾಟಮ್ಲಿ ಬರೆದ ಪ್ಯಾಚ್ 2021ರಲ್ಲಿ 5.12 ಕರ್ನಲ್ಲಿಗೆ ಸೇರಿತು. ಈಗ ಬ್ಯಾಂಕಿಗೊಂದು ಫೋಲ್ಡರ್, ಅದರೊಳಗೆ 24 ಫೈಲು, ಫೈಲಿನ ಹೆಸರೇ ರಿಜಿಸ್ಟರಿನ ಸಂಖ್ಯೆ. ಒಂದು ಫೈಲಿಗೆ ಒಂದೇ ಮೌಲ್ಯ, ನಿಯಮಭಂಗ ಇಲ್ಲ. ಅನುಮತಿ 0444, ಅಂದರೆ ಯಂತ್ರದಲ್ಲಿರುವ ಯಾವ ಬಳಕೆದಾರ ಬೇಕಾದರೂ ಓದಬಹುದು.

ಓದಿ ನೋಡಿ. ಶಾ-256 ಬ್ಯಾಂಕಿನ ಒಂದೊಂದು ಫೈಲಿನಲ್ಲೂ 64 ಹೆಕ್ಸ್ ಅಕ್ಷರಗಳ ಒಂದು ಸಾಲು. ಮೊದಲ ಸಲ ನೋಡಿದವರು ಎರಡು ಕಡೆ ಬೆಚ್ಚುತ್ತಾರೆ. ಒಂದು, 2, 3 ಮತ್ತು 6ನೇ ಫೈಲಿನಲ್ಲಿ ಒಂದೇ ಮೌಲ್ಯ, 3ಡಿ458ಸಿ ಎಂದು ಶುರುವಾಗುತ್ತದೆ. ಸ್ನೇಹಿತರ ಯಂತ್ರದಲ್ಲಿ ನೋಡಿದರೆ ಅಲ್ಲೂ ಅದೇ ಇರುವ ಸಾಧ್ಯತೆ ಹೆಚ್ಚು. ಯಾರೋ ಎಲ್ಲರ ಚಿಪ್ಪಿಗೂ ಒಂದೇ ಬೀಗ ಜಡಿದ ಹಾಗೆ ಕಾಣುತ್ತದೆ. ನಿಜಕ್ಕೂ ಅದು ಏನನ್ನೂ ಅಳೆಯದ ರಿಜಿಸ್ಟರ್. ಫರ್ಮ್‌ವೇರ್ ತನ್ನ ಪಾಳಿ ಮುಗಿಸುವಾಗ 0ಯಿಂದ 7ರವರೆಗಿನ ಪ್ರತಿ ರಿಜಿಸ್ಟರಿಗೂ ಸೆಪರೇಟರ್ ಎಂಬ ನಾಲ್ಕು ಸೊನ್ನೆ ಬೈಟುಗಳ ಗುರುತು ಹಾಕುತ್ತದೆ. ಬೇರೇನೂ ಬೀಳದ ರಿಜಿಸ್ಟರಿನಲ್ಲಿ ಆ ಗುರುತಿನ ಹ್ಯಾಶ್ ಒಂದೇ ಉಳಿಯುತ್ತದೆ, ಹಾಗಾಗಿ ಜಗತ್ತಿನಾದ್ಯಂತ ಒಂದೇ ಮೌಲ್ಯ. ಇನ್ನೊಂದು, 17ರಿಂದ 22ರವರೆಗಿನ ಫೈಲುಗಳ ತುಂಬ ಬರೀ ಎಫ್. ಅವು ಯಂತ್ರ ಓಡುತ್ತಿರುವಾಗಲೇ ಹೊಸದಾಗಿ ಅಳೆಯಲು ಮೀಸಲಿಟ್ಟವು. ಆ ವ್ಯವಸ್ಥೆ ಬಳಸದ ಯಂತ್ರದಲ್ಲಿ ಎಫ್ ತುಂಬಿರುವುದೇ ಸರಿಯಾದ ಸ್ಥಿತಿ.

ಪಿಸಿಆರ್ 10 ಇನ್ನೂ ತಮಾಷೆಯದು. ಐಎಂಎ ಚಾಲೂ ಇದ್ದರೆ ಓಡುವ ಪ್ರೋಗ್ರಾಮುಗಳನ್ನೆಲ್ಲ ಅದು ಓಡಿದ ಕ್ರಮದಲ್ಲೇ ಅಲ್ಲಿಗೆ ಸೇರಿಸುತ್ತ ಹೋಗುತ್ತದೆ. ಇವತ್ತು ನೆಟ್‌ವರ್ಕ್ ಸೇವೆ ಮೊದಲು ಎದ್ದಿತು, ನಾಳೆ ಆಡಿಯೊ ಸೇವೆ ಮೊದಲು ಎದ್ದಿತು ಅನ್ನಿ. ಒಂದೇ ಒಂದು ಬೈಟ್ ಬದಲಾಗದಿದ್ದರೂ ಮೌಲ್ಯ ಪೂರಾ ಬೇರೆ. ದಿನಾ ಬದಲಾಗುವ ಈ ಸಾಲನ್ನು ಯಾರಾದರೂ ಹಳೆಯದರ ಜೊತೆ ಹೋಲಿಸಿ ಕೂತರೆ ಮೂರನೇ ದಿನಕ್ಕೆ ಹೋಲಿಸುವುದನ್ನೇ ಬಿಡುತ್ತಾರೆ. ಬರೀ ಅಂಕಿ ತೋರಿಸುವುದರ ಮಿತಿ ಇದು. ಪಿಸಿಆರ್ ಮೌಲ್ಯಕ್ಕೆ ತನ್ನಷ್ಟಕ್ಕೆ ಒಳ್ಳೆಯದು ಕೆಟ್ಟದ್ದು ಎಂಬುದಿಲ್ಲ.

ಅರ್ಥ ಇರುವುದು ಲಾಗ್‌ನಲ್ಲಿ. ಲಾಗ್ ಎಲ್ಲಿದೆ? ಸೆಕ್ಯೂರಿಟಿಎಫ್‌ಎಸ್ ಎಂಬ ಇನ್ನೊಂದು ಜಾಗದಲ್ಲಿ. ಅದರ ಅನುಮತಿ 0440, ರೂಟ್ (ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಖಾತೆ) ಮಾತ್ರ ಓದಬಹುದು. ಟಿಪಿಎಂ 1.2 ಇದ್ದಾಗ ಅದರ ಪಕ್ಕದಲ್ಲೇ ಮನುಷ್ಯರು ಓದುವಂಥ ಪಠ್ಯರೂಪವನ್ನೂ ಕರ್ನಲ್ ಇಡುತ್ತಿತ್ತು, 2.0ಕ್ಕೆ ಬೈನರಿ ಒಂದೇ. ಅದನ್ನು ಬಿಡಿಸಿ ಹೇಳಲು ಪ್ರತ್ಯೇಕ ಟೂಲ್ ಬೇಕು. ಹೀಗೆ, ಯಾರಿಗೂ ಅರ್ಥವಾಗದ ಮೊತ್ತ ಎಲ್ಲರಿಗೂ ಸಿಗುತ್ತದೆ, ಆ ಮೊತ್ತವನ್ನು ವಿವರಿಸುವ ಲೆಕ್ಕ ಬೀಗದೊಳಗಿದೆ. ಯಾರೂ ಕೂತು ಯೋಚಿಸಿ ಮಾಡಿದ ಏರ್ಪಾಡಲ್ಲ ಇದು. ಎರಡು ಬೇರೆ ಕಾಲದಲ್ಲಿ, ಎರಡು ಬೇರೆ ಫೈಲ್‌ಸಿಸ್ಟಮ್‌ಗಳ ರೂಢಿಗೆ ತಕ್ಕಂತೆ ಬೆಳೆದದ್ದು.

ಲಾಗನ್ನೂ ಎಲ್ಲರಿಗೂ ಬಿಚ್ಚಿಡಿ ಎನ್ನುವ ಮೊದಲು ಒಂದು ಎಚ್ಚರಿಕೆ. ಪಾರ್ಟಿಷನ್ ಪಟ್ಟಿಯಲ್ಲಿ ಪ್ರತಿ ಡಿಸ್ಕಿಗೂ ಪಾರ್ಟಿಷನ್ನಿಗೂ ಜಗತ್ತಿನಲ್ಲಿ ಇನ್ನೊಂದಿರದ ಗುರುತಿನ ಸಂಖ್ಯೆ ಇರುತ್ತದೆ. ಅದು ಲಾಗಿಗೆ ಹೋಗುತ್ತದೆ, ಅದರ ಹ್ಯಾಶ್ ಪಿಸಿಆರ್ 5ಕ್ಕೆ ಹೋಗುತ್ತದೆ. ಅಂದರೆ 0444 ಅನುಮತಿಯ ಆ ಐದನೇ ಫೈಲು ಈಗಾಗಲೇ ನಿಮ್ಮ ಯಂತ್ರದ ಬೆರಳಚ್ಚಿನಂತೆ ಕೆಲಸ ಮಾಡಬಲ್ಲದು. ಸಿಸ್‌ಎಫ್‌ಎಸ್ ಓದಬಲ್ಲ ಯಾವ ಆ್ಯಪ್ ಬೇಕಾದರೂ ಅದನ್ನು ನೋಡಿ ಇವರು ಮೊನ್ನೆ ಬಂದವರೇ ಎಂದು ಗುರುತು ಹಿಡಿಯಬಹುದು. ಓದಲು ಬಿಡುವುದಷ್ಟೇ ತಾನೆ, ಅದರಿಂದೇನು ಹಾನಿ ಎಂಬ ಮಾತು ಇಲ್ಲಿ ಪೂರ್ತಿ ನಿಲ್ಲುವುದಿಲ್ಲ. ನನ್ನ ಮಟ್ಟಿಗೆ ಸರಿ ಕಾಣುವುದು ಇದು: ಕಚ್ಚಾ ಲಾಗ್ ರೂಟ್ ಬಳಿಯೇ ಇರಲಿ, ಅದನ್ನು ಓದಿ ಯಂತ್ರದ ಮುಂದೆ ಕೂತವರಿಗೆ ಮಾತಿನಲ್ಲಿ ಹೇಳುವ ಒಂದು ಸಿಸ್ಟಮ್ ಸೇವೆ ಇರಲಿ. ಆ್ಯಪ್‌ಗಳಿಗೆ ಅದರಲ್ಲಿ ಪಾಲು ಬೇಡ.

ತೀರ್ಪು ಮಾತ್ರ ಹೇಳುವವರು

ವಿಂಡೋಸ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿದಿದೆ. ವಿಂಡೋಸ್ ಸೆಕ್ಯೂರಿಟಿ ಆ್ಯಪ್‌ನಲ್ಲಿ ಡಿವೈಸ್ ಸೆಕ್ಯೂರಿಟಿಗೆ ಹೋಗಿ ಸೆಕ್ಯೂರಿಟಿ ಪ್ರೊಸೆಸರ್ ವಿವರ ತೆರೆದರೆ ತಯಾರಕರ ಹೆಸರು, ಆವೃತ್ತಿ, ಕೆಳಗೆ ‘ಅಟೆಸ್ಟೇಷನ್: ರೆಡಿ’ ಎಂಬ ಒಂದು ಸಾಲು. ಪಿಸಿಆರ್ ಎಂಬ ಪದವೇ ಅಲ್ಲಿಲ್ಲ. ವಿಂಡೋಸ್ ಈವೆಂಟ್ ಲಾಗನ್ನು ತನ್ನ ಲಾಗ್ಸ್ ಫೋಲ್ಡರಿನೊಳಗೆ ಮೆಷರ್ಡ್‌ಬೂಟ್ ಎಂಬ ಹೆಸರಿನಡಿ ಶಿಸ್ತಾಗಿ ಕೂಡಿಡುತ್ತದೆ. ಅದೂ ಬೈನರಿ, ತೆರೆದು ಓದಿಸುವ ಕಿಟಕಿ ಸೆಟ್ಟಿಂಗ್ಸ್‌ನಲ್ಲಿಲ್ಲ. ಅಟೆಸ್ಟೇಷನ್‌ಗೆ ರೆಡಿ, ಸರಿ. ಯಾರ ಮುಂದೆ ಸಾಕ್ಷಿ ಹೇಳಲು ರೆಡಿ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಲಿನಕ್ಸ್ ಡೆಸ್ಕ್‌ಟಾಪಿನಲ್ಲೂ ತೀರ್ಪು ಹೇಳುವ ಪ್ರಯತ್ನ ಆಗಿದೆ. ರಿಚರ್ಡ್ ಹ್ಯೂಸ್ ಮುನ್ನಡೆಸುವ ಎಫ್‌ಡಬ್ಲ್ಯುಯುಪಿಡಿ, ಮೂಲತಃ ಫರ್ಮ್‌ವೇರ್ ಅಪ್‌ಡೇಟ್ ಮಾಡುವ ತಂತ್ರಾಂಶ. ಯಂತ್ರದ ಭದ್ರತೆಗೆ ಅದು ಎಚ್‌ಎಸ್‌ಐ ಎಂಬ ದರ್ಜೆ ಕೊಡುತ್ತದೆ, 0ಯಿಂದ ಮೇಲಕ್ಕೆ. 2022ರ ಸೆಪ್ಟೆಂಬರಿನಲ್ಲಿ ಬಂದ, ಲಿನಕ್ಸ್ ಡೆಸ್ಕ್‌ಟಾಪುಗಳಲ್ಲೊಂದಾದ ಗ್ನೋಮ್ 43 ಈ ದರ್ಜೆಯನ್ನು ಸೆಟ್ಟಿಂಗ್ಸ್‌ನಲ್ಲೇ ಡಿವೈಸ್ ಸೆಕ್ಯೂರಿಟಿ ಪುಟವಾಗಿ ತೋರಿಸಿತು. ಅಳತೆ ಎಂಬುದು ಟರ್ಮಿನಲ್ ಬಿಟ್ಟು ಸಾಮಾನ್ಯರ ಪರದೆಗೆ ಬಂದ ಸಂದರ್ಭಗಳಲ್ಲಿ ಇದು ಮುಖ್ಯವಾದದ್ದು. ಆ ಪರೀಕ್ಷೆಗಳಲ್ಲಿ ಒಂದು ನನಗೆ ಬಹಳ ಹಿಡಿಸಿದ್ದು: ಈವೆಂಟ್ ಲಾಗನ್ನು ಮೊದಲಿನಿಂದ ಕೂಡಿಸಿ ಪಿಸಿಆರ್ 0ಯ ಮೌಲ್ಯ ತಾನೇ ಲೆಕ್ಕ ಹಾಕುತ್ತದೆ, ಚಿಪ್ಪಿನೊಳಗಿನದಕ್ಕೆ ತಾಳೆ ನೋಡುತ್ತದೆ. ಮೊತ್ತ, ಲೆಕ್ಕ ಎರಡನ್ನೂ ಒಟ್ಟಿಗೆ ಹಿಡಿದು ನೋಡುವುದೆಂದರೆ ಇದೇ.

ಆದರೆ ಪುಟ ತೆರೆದವರಿಗೆ ಎದುರಾದದ್ದು ಬೇರೆ ಫಜೀತಿ. ಪರೀಕ್ಷೆ ಪಾಸಾಗದಿದ್ದರೆ ಮಾಡುವುದೇನು? ಸಾಲುಸಾಲು ನಪಾಸುಗಳಲ್ಲಿ ಅರ್ಧಕ್ಕರ್ಧ ಯಂತ್ರ ತಯಾರಿಸಿದವರು ಮಾತ್ರ ಸರಿಪಡಿಸಬಹುದಾದವು. ತಯಾರಕರು ಕಾರ್ಖಾನೆಯಲ್ಲೇ ಕಾಯಂ ಮಾಡಬೇಕಾದ ಬೂಟ್ ಗಾರ್ಡ್ ಫ್ಯೂಸ್ ಸುಟ್ಟಿಲ್ಲ ಎಂದರೆ ಕೊಂಡುಕೊಂಡವರು ಏನು ಮಾಡಬೇಕು, ಬೆಸುಗೆ ಕಡ್ಡಿ ಹಿಡಿಯಬೇಕೆ? ಪಿಸಿಆರ್ 0 ತಾಳೆಯಾಗದಿದ್ದರೂ ಹಾಗೆಯೇ. ಕನ್ನ ಬಿದ್ದಿರಬಹುದು, ಫರ್ಮ್‌ವೇರ್ ಬರೆದವರು ಲಾಗಿನಲ್ಲಿ ಒಂದು ಸಾಲು ಬರೆಯಲು ಮರೆತಿರಲೂಬಹುದು. ಪುಟ ಎರಡಕ್ಕೂ ಒಂದೇ ಕೆಂಪು ಗುರುತು ಹಾಕುತ್ತದೆ. ಮುಂದಿನ ಆವೃತ್ತಿಯಲ್ಲಿ ಗ್ನೋಮ್ ಭಾಷೆಯನ್ನು ಮೃದು ಮಾಡಿತು. ಮಾತು ಮೃದುವಾಯಿತೇ ಹೊರತು ಕಾರಣ ಹೇಳುವ ಸಾಲು ಇನ್ನೂ ದೂರವೇ ಉಳಿಯಿತು.

ಹಾಗಂತ ತೋರಿಸುವುದೇ ದಂಡ ಅಂದುಕೊಳ್ಳಬೇಡಿ. 2021ರ ಅಕ್ಟೋಬರಿನಲ್ಲಿ ಸರ್ಫೇಸ್ ಪ್ರೊ 3ರ ಒಂದು ಲೋಪ ಬಯಲಾಯಿತು, ಸಿವಿಇ-2021-42299, ಟಿಪಿಎಂ ಕಾರ್ಟ್ ಬ್ಲಾಂಚ್ ಎಂದು ಅದಕ್ಕಿಟ್ಟ ಹೆಸರು. ಪತ್ತೆ ಮಾಡಿದ್ದು ಗೂಗಲ್‌ನ ಕ್ರಿಸ್ ಫೆನ್ನರ್. ಆ ಯಂತ್ರದ ಟಿಪಿಎಂನಲ್ಲಿ ಶಾ-1, ಶಾ-256 ಎರಡೂ ಬ್ಯಾಂಕ್ ಚಾಲೂ ಇರುವಂತೆ ಮಾಡಿದರೆ, ಫರ್ಮ್‌ವೇರ್ ಶಾ-256 ಬ್ಯಾಂಕಿಗೆ ಅಳತೆಯನ್ನೇ ಹಾಕುತ್ತಿರಲಿಲ್ಲ. ಬ್ಯಾಂಕ್ ಪೂರಾ ಸೊನ್ನೆ. ಸೊನ್ನೆಯಿಂದ ಶುರುವಾಗುವ ರಿಜಿಸ್ಟರ್ ಸಿಕ್ಕಿದರೆ ಯಾವ ಕತೆ ಬೇಕಾದರೂ ಬರೆಯಬಹುದು. ಆರೋಗ್ಯವಂತ ಯಂತ್ರದ ಲಾಗ್ ತಂದು, ಅದರ ಪ್ರಕಾರ ಒಂದೊಂದೇ ಎಕ್ಸ್‌ಟೆಂಡ್ ಮಾಡಿದರೆ ಮುಗಿಯಿತು. ಚಿಪ್ಪು ನಿಜವಾದ ಸಹಿಯನ್ನೇ ಹಾಕಿ ಸುಳ್ಳು ಹೇಳುತ್ತದೆ. ಶಾ-256 ಫೋಲ್ಡರಿನ 0ಯಿಂದ 7ರವರೆಗಿನ ಫೈಲುಗಳಲ್ಲಿ ಬರೀ ಸೊನ್ನೆ ಕಂಡರೆ ಏನೋ ಎಡವಟ್ಟಾಗಿದೆ ಎಂದು ಹೇಳಲು ಪರಿಣತರೇ ಬೇಕೆಂದಿಲ್ಲ. ಕನಿಷ್ಠ 3ಡಿ458ಸಿಯಾದರೂ ಇರಬೇಕಿತ್ತು! ಈಗ ಎಫ್‌ಡಬ್ಲ್ಯುಯುಪಿಡಿಯಲ್ಲಿ ಖಾಲಿ ಪಿಸಿಆರ್ ಹುಡುಕುವ ಪರೀಕ್ಷೆಯೂ ಇದೆ.

ಆರೋಪಿಯ ಬಾಯಲ್ಲೇ ಸಾಕ್ಷಿ

ಇನ್ನು ಎಲ್ಲಕ್ಕಿಂತ ಕಿರಿಕಿರಿಯ ಪ್ರಶ್ನೆ. ಚಿಪ್ಪಿನ ಮೌಲ್ಯವನ್ನು ನಮಗೆ ಓದಿ ಹೇಳುತ್ತಿರುವುದು ಕರ್ನಲ್. ಕರ್ನಲ್ ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಲೆಂದೇ ಅಲ್ಲವೇ ಅಳತೆ ಇಟ್ಟುಕೊಂಡದ್ದು? ಬೇಲಿಯೇ ಎದ್ದು ಹೊಲ ಮೇಯ್ದರೆ ಬೇಲಿಯನ್ನು ಕೇಳಿ ಏನು ಪ್ರಯೋಜನ? ಸಿಸ್‌ಎಫ್‌ಎಸ್‌ನಲ್ಲಿ ಕಾಣುವ ಮೌಲ್ಯಕ್ಕೆ ಯಾರ ಸಹಿಯೂ ಇಲ್ಲ. ಒಳಗೆ ಹೊಕ್ಕು ಅಡಗಿ ಕೂತ ರೂಟ್‌ಕಿಟ್ ಎಂಬ ಕುತಂತ್ರಾಂಶ ನಿನ್ನೆಯ ಒಳ್ಳೆಯ ಸಾಲನ್ನೇ ಇವತ್ತೂ ತೋರಿಸಬಹುದು, ಗ್ನೋಮ್ ಪುಟದಲ್ಲಿ ಹಸಿರು ಬಣ್ಣ ಬಳಿಯಬಹುದು. ಚಿಪ್ಪು ಸುಳ್ಳು ಹೇಳಿರುವುದಿಲ್ಲ, ಮಧ್ಯವರ್ತಿ ಹೇಳಿರುತ್ತಾನೆ.

ಇದಕ್ಕೆ ಟಿಪಿಎಂ ವಿನ್ಯಾಸದಲ್ಲೇ ಉತ್ತರ ಇದೆ, ಕೋಟ್ ಎಂದು. ಕೇಳುವವರು ಒಂದು ಹೊಸ ಯಾದೃಚ್ಛಿಕ ಸಂಖ್ಯೆ ಕೊಡುತ್ತಾರೆ, ಚಿಪ್ಪು ಅದನ್ನೂ ಪಿಸಿಆರ್ ಮೌಲ್ಯವನ್ನೂ ಸೇರಿಸಿ ಹೊರಗೆಂದೂ ಬಾರದ ತನ್ನ ಕೀಲಿಯಿಂದ ಸಹಿ ಹಾಕುತ್ತದೆ. ಹಳೆಯ ಸಹಿ ತೋರಿಸಿ ವಂಚಿಸಲಾಗದು, ನಡುವೆ ತಿದ್ದಲಾಗದು. ಸಮಸ್ಯೆ ಏನೆಂದರೆ ಆ ಸಹಿಯನ್ನು ಪರಿಶೀಲಿಸಲು ಎರಡನೆಯ ಯಂತ್ರ ಬೇಕು. ಮನುಷ್ಯರು ಆರ್‌ಎಸ್‌ಎ ಸಹಿಯನ್ನು ಕಣ್ಣಲ್ಲಿ ನೋಡಿ ತಾಳೆ ಹಾಕಲಾರರು.

ಮನುಷ್ಯರ ಕಣ್ಣಿಗೆ ನಿಲುಕುವ ಒಂದು ಉಪಾಯವನ್ನು ಭದ್ರತಾ ಸಂಶೋಧಕಿ ಜೋಆನ್ನಾ ರುಟ್ಕೋವ್‌ಸ್ಕಾ 2011ರಲ್ಲಿ ಆ್ಯಂಟಿ ಈವಿಲ್ ಮೇಡ್ ಹೆಸರಿನಲ್ಲಿ ಕೊಟ್ಟರು. ನಿಮಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತನ್ನು ಪಿಸಿಆರ್‌ಗಳಿಗೆ ಕಟ್ಟಿ ಸೀಲ್ ಮಾಡಿಡಿ. ಬೂಟ್ ಆಗುವಾಗ ಆ ಮಾತು ಪರದೆ ಮೇಲೆ ಬಂದರೆ ಪಾಸ್‌ವರ್ಡ್ ಕೊಡಿ, ಬಾರದಿದ್ದರೆ ಕೊಡಬೇಡಿ. ಹೋಟೆಲ್ ಕೋಣೆಯಲ್ಲಿ ಬಿಟ್ಟುಹೋದ ಲ್ಯಾಪ್‌ಟಾಪಿಗೆ ಯಾರಾದರೂ ಕೈಹಾಕಿ ಬೂಟ್‌ಲೋಡರ್ ಬದಲಿಸಿದ್ದರೆ ಚಿಪ್ಪು ಆ ಮಾತನ್ನು ಬಿಟ್ಟುಕೊಡುವುದಿಲ್ಲ. ಇದರಲ್ಲೊಂದು ತೂತಿತ್ತು. ಗುಟ್ಟಿನ ಮಾತು ಪರದೆ ಮೇಲೆ ಬರುವಾಗ ಹಿಂದಿನಿಂದ ಯಾರಾದರೂ ಓದಿಕೊಂಡರೆ ಮುಂದಿನ ಸಲ ನಕಲಿ ಯಂತ್ರವೂ ಅದನ್ನೇ ತೋರಿಸಬಹುದು. 2015ರಲ್ಲಿ ಮ್ಯಾಥ್ಯೂ ಗ್ಯಾರೆಟ್ ಮಾಡಿದ ಟಿಪಿಎಂಟಿಒಟಿಪಿ ಅದನ್ನು ಮುಚ್ಚಿತು. ಸೀಲ್ ಆಗಿರುವುದು ಮಾತಲ್ಲ, ಆಥೆಂಟಿಕೇಟರ್ ಆ್ಯಪ್‌ಗೆ ಕೊಡುವಂಥ ಬೀಜ. ಬೂಟ್ ಆಗುವಾಗ ಪರದೆಯಲ್ಲಿ ಆರು ಅಂಕಿ, ನಿಮ್ಮ ಫೋನಿನಲ್ಲೂ ಆರು ಅಂಕಿ, 30 ಸೆಕೆಂಡಿಗೊಮ್ಮೆ ಎರಡೂ ಬದಲಾಗುತ್ತವೆ. ಒಂದೇ ಇದ್ದರೆ ಸರಿ. ಯಾರು ಬಗ್ಗಿ ನೋಡಿದರೂ ಆ ಅಂಕಿ ಅರ್ಧ ನಿಮಿಷದಲ್ಲಿ ಹಳತು.

64 ಹೆಕ್ಸ್ ಅಕ್ಷರಗಳು ಇಲ್ಲಿ ಆರು ಅಂಕಿಗೆ ಇಳಿದವು, ಅದೂ ಮೌಲ್ಯವನ್ನು ತೋರಿಸದೆಯೇ. ಟ್ರಾಮೆಲ್ ಹಡ್ಸನ್ 2016ರಲ್ಲಿ ಪ್ರಸ್ತುತಪಡಿಸಿದ ಹೆಡ್ಸ್ ಫರ್ಮ್‌ವೇರ್ ಈ ಉಪಾಯವನ್ನು ಬೂಟ್‌ನ ತಳಕ್ಕೇ ಒಯ್ದಿತು. ಅದರ ಮೇಲೆ ಕಟ್ಟಿದ ಕೆಲವು ಲ್ಯಾಪ್‌ಟಾಪುಗಳಲ್ಲಿ ಅಂಕಿಯೂ ಬೇಡ, ಯುಎಸ್‌ಬಿ ಕೀ ಚುಚ್ಚಿದರೆ ಅದರ ದೀಪ ಹಸಿರಾಗಿ ಅಥವಾ ಕೆಂಪಾಗಿ ಮಿನುಗುತ್ತದೆ. ಪರದೆಯ ಹಸಿರನ್ನು ಕರ್ನಲ್ ಬಳಿಯಬಹುದು, ಬೇರೊಂದು ಸಾಧನದ ದೀಪವನ್ನು ಬಳಿಯಲಾರದು. ಬಳಕೆದಾರರಿಗೆ ಅಳತೆ ತೋರಿಸುವ ವಿಷಯದಲ್ಲಿ ನಾನು ಕಂಡ ಅತ್ಯಂತ ಪ್ರಾಮಾಣಿಕ ವಿನ್ಯಾಸ ಇದು. ಆಪರೇಟಿಂಗ್ ಸಿಸ್ಟಮ್ ತಯಾರಿಸುವ ದೊಡ್ಡ ಸಂಸ್ಥೆಗಳು ಮಾತ್ರ ಇತ್ತ ಕಣ್ಣು ಹಾಯಿಸಿದಂತಿಲ್ಲ. ಬೆಲೆಯೂ ಇದೆ ಅನ್ನಿ: ಪ್ರತಿ ಕರ್ನಲ್ ಅಥವಾ ಫರ್ಮ್‌ವೇರ್ ಅಪ್‌ಡೇಟಿಗೂ ಹೊಸದಾಗಿ ಸೀಲ್ ಮಾಡಬೇಕು. ಮರೆತರೆ ಕೆಂಪು ದೀಪ. ನಾಲ್ಕು ಸಲ ಸುಳ್ಳು ಕೆಂಪು ನೋಡಿದವರು ಐದನೇ ಸಲ ನಿಜವಾದ ಕೆಂಪನ್ನೂ ದಾಟಿಕೊಂಡು ಹೋಗುತ್ತಾರೆ. ಯಾಕೆ ಕೆಂಪಾಯಿತು ಎಂಬುದನ್ನು ಜೊತೆಯಲ್ಲೇ ಹೇಳದಿದ್ದರೆ ಎಷ್ಟು ಪ್ರಾಮಾಣಿಕ ದೀಪವಾದರೂ ಕೆಲವೇ ತಿಂಗಳಲ್ಲಿ ಅಲಂಕಾರದ ದೀಪ.

ದೂರದವರಿಗೆ ಪೂರಾ, ಮನೆಯವರಿಗೆ ರೆಡಿ

1999ರಲ್ಲಿ ಕಾಂಪ್ಯಾಕ್, ಎಚ್‌ಪಿ, ಐಬಿಎಂ, ಇಂಟೆಲ್, ಮೈಕ್ರೋಸಾಫ್ಟ್ ಸೇರಿ ಈ ತಂತ್ರಜ್ಞಾನಕ್ಕೆ ಕೂಟ ಕಟ್ಟಿದ ಕಾಲದಿಂದಲೂ ಒಂದು ಭಯ ಜೊತೆಗೇ ಬಂದಿದೆ. ನಿಮ್ಮ ಯಂತ್ರ ನಿಮ್ಮ ಬಗ್ಗೆ ಬೇರೆಯವರಿಗೆ ಸಾಕ್ಷಿ ಹೇಳುತ್ತದೆ ಎಂಬ ಭಯ. ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್ಮನ್ ಇದನ್ನು ವಿಶ್ವಾಸದ್ರೋಹಿ ಕಂಪ್ಯೂಟಿಂಗ್ ಎಂದು ಕರೆದರು. ಆ ಕಾಲಕ್ಕೆ ಹೆದರಿದಷ್ಟು ಕೆಟ್ಟದ್ದು ಪಿಸಿಗಳಲ್ಲಿ ಆಗಲಿಲ್ಲ. ಆದರೆ ದಿಕ್ಕು ಅದೇ. ಕಚೇರಿಯ ಲ್ಯಾಪ್‌ಟಾಪು ನೆಟ್‌ವರ್ಕಿಗೆ ಸೇರುವ ಮೊದಲು ತನ್ನ ಪಿಸಿಆರ್ ಮತ್ತು ಲಾಗನ್ನು ಸಹಿ ಸಮೇತ ಸರ್ವರಿಗೆ ಕಳಿಸಬಹುದು. ಆನ್‌ಲೈನ್ ಆಟಗಳೂ ಈ ಸಾಲಿಗೆ ಸೇರಿವೆ, ವ್ಯಾಲರಂಟ್ 2021ರಲ್ಲೇ ವಿಂಡೋಸ್ 11 ಯಂತ್ರಗಳಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಬೇಕೇ ಬೇಕು ಎಂದಿತು. ಆ್ಯಂಡ್ರಾಯ್ಡ್ ಫೋನುಗಳ ಲೋಕದಲ್ಲಿ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಹೆಸರಿನಲ್ಲಿ ಇಂಥದ್ದೇ ವ್ಯವಸ್ಥೆ ನಿತ್ಯದ ಮಾತು. ವೆಬ್‌ಸೈಟುಗಳಿಗೂ ಇದನ್ನು ತರುವ ವೆಬ್ ಎನ್ವಿರಾನ್‌ಮೆಂಟ್ ಇಂಟೆಗ್ರಿಟಿ ಪ್ರಸ್ತಾವವನ್ನು ಗೂಗಲ್ 2023ರಲ್ಲಿ ಎತ್ತಿ, ವಿರೋಧ ಜೋರಾದ ಮೇಲೆ ಅದೇ ವರ್ಷ ಕೈಬಿಟ್ಟಿತು.

ಈಗ ಮತ್ತೆ ಆ ಸಾಲು ನೋಡಿ, ‘ಅಟೆಸ್ಟೇಷನ್: ರೆಡಿ’. ದೂರದ ಸರ್ವರಿಗೆ ಪೂರ್ತಿ ಲೆಕ್ಕ ಹೋಗುತ್ತದೆ, ಸಾಲುಸಾಲಾಗಿ, ಸಹಿ ಹಾಕಿ. ಯಂತ್ರಕ್ಕೆ ದುಡ್ಡು ಕೊಟ್ಟವರಿಗೆ ರೆಡಿ ಎಂಬ ಒಂದು ಪದ. ಸರ್ವರ್ ‘ನಿಮ್ಮ ಯಂತ್ರ ಸರಿಯಿಲ್ಲ’ ಎಂದು ಬಾಗಿಲು ಹಾಕಿದರೆ ಯಾವ ಸಾಲಿಗೆ ಹಾಕಿತು ಎಂದು ಕೇಳಲೂ ಗೊತ್ತಾಗದ ಸ್ಥಿತಿ. ಆಪರೇಟಿಂಗ್ ಸಿಸ್ಟಮ್‌ಗೆ ಒಂದೇ ಒಂದು ನಿಯಮ ಹಾಕಲು ನನಗೆ ಬಿಟ್ಟರೆ ಹೀಗೆ ಹಾಕುತ್ತೇನೆ: ಹೊರಗೆ ಕಳಿಸಿದ ಪ್ರತಿ ಕೋಟ್‌ನ ಪ್ರತಿ, ಅದರ ಜೊತೆ ಹೋದ ಲಾಗ್ ಸಮೇತ, ಯಂತ್ರದ ಮಾಲೀಕರು ಓದುವಂತೆ ಒಂದು ಜಾಗದಲ್ಲಿರಬೇಕು. ಯಾರು ಕೇಳಿದರು, ಯಾವಾಗ, ಏನು ಕೊಟ್ಟೆ. ಕ್ಯಾಮೆರಾ ಬಳಸಿದ ಆ್ಯಪ್‌ಗಳ ಪಟ್ಟಿಯನ್ನು ಫೋನುಗಳು ಈಗ ತೋರಿಸುವ ಹಾಗೆ.

ಆ್ಯಂಡ್ರಾಯ್ಡ್ ಮೇಲೆ ಕಟ್ಟಿದ ಗ್ರಾಫೀನ್‌ಒಎಸ್‌ನ ಆಡಿಟರ್ ಆ್ಯಪ್ ಇದನ್ನು ತಲೆಕೆಳಗು ಮಾಡಿ ತೋರಿಸಿದೆ. ಒಂದು ಫೋನನ್ನು ಇನ್ನೊಂದು ಫೋನ್ ಪರಿಶೀಲಿಸುತ್ತದೆ, ನಡುವೆ ಕ್ಯೂಆರ್ ಕೋಡ್ ಅಷ್ಟೇ, ಸರ್ವರ್ ಬೇಕೆಂದಿಲ್ಲ. ಎರಡೂ ನಿಮ್ಮ ಕೈಯಲ್ಲೇ ಇವೆ. ಅಟೆಸ್ಟೇಷನ್ ಯಂತ್ರದ ಮಾಲೀಕರ ಪರವಾಗಿಯೂ ನಿಲ್ಲಬಲ್ಲದು.

ಜೂನ್‌ನ ಸರ್ಟಿಫಿಕೇಟುಗಳು

ಇದೆಲ್ಲ ಈಗ ಯಾಕೆ ಮುಖ್ಯ ಎಂದರೆ, ಸೆಕ್ಯೂರ್ ಬೂಟ್‌ನ ಬೇರಿನಲ್ಲಿರುವ ಮೈಕ್ರೋಸಾಫ್ಟ್‌ನ 2011ರ ಸರ್ಟಿಫಿಕೇಟುಗಳ ಅವಧಿ 2026ರ ಜೂನ್‌ನಿಂದ ಒಂದೊಂದಾಗಿ ಮುಗಿಯುತ್ತದೆ. ಅವುಗಳ ಜಾಗಕ್ಕೆ 2023ರ ಸರ್ಟಿಫಿಕೇಟುಗಳು ಬರಬೇಕು. ವಿಂಡೋಸ್, ಲಿನಕ್ಸ್ ಎಂಬ ಭೇದ ಇಲ್ಲ. ಬಹುತೇಕ ಲಿನಕ್ಸ್ ವಿತರಣೆಗಳಲ್ಲಿ ಮೊದಲು ಓಡುವ ಶಿಮ್ ಎಂಬ ಪುಟ್ಟ ಬೂಟ್‌ಲೋಡರಿಗೂ ಮೈಕ್ರೋಸಾಫ್ಟ್ ಸಹಿಯೇ ಗತಿ.

ಪಿಸಿಆರ್ 7ರ ಲಾಗನ್ನು ಬಿಡಿಸಿ ನೋಡಿದರೆ ಏನಾಗುತ್ತದೆಂದು ತಿಳಿಯುತ್ತದೆ. ಮೊದಲ ಸಾಲು ಸೆಕ್ಯೂರ್ ಬೂಟ್ ಚಾಲೂ ಇದೆಯೇ. ಎರಡನೆಯದು ಪಿಕೆ, ಯಂತ್ರ ತಯಾರಕರ ಕೀಲಿ. ಮೂರು ಕೆಇಕೆ, ಮುಂದಿನ ಎರಡು ಪಟ್ಟಿಗಳನ್ನು ಬದಲಿಸುವ ಅಧಿಕಾರವಿರುವ ಕೀಲಿಗಳು. ನಾಲ್ಕು ಡಿಬಿ, ನಂಬಿದವರ ಪಟ್ಟಿ. ಐದು ಡಿಬಿಎಕ್ಸ್, ಬಹಿಷ್ಕಾರದ ಪಟ್ಟಿ. ಆಮೇಲೆ ಸೆಪರೇಟರ್. ಆಮೇಲೆ, ಬೂಟ್‌ಲೋಡರನ್ನು ಒಪ್ಪಿಕೊಳ್ಳಲು ನಿಜವಾಗಿ ಬಳಕೆಯಾದ ಸರ್ಟಿಫಿಕೇಟ್ ಯಾವುದು ಎಂಬ ಸಾಲು. ಕೆಇಕೆ, ಡಿಬಿಗಳಿಗೆ ಹೊಸ ಸರ್ಟಿಫಿಕೇಟ್ ಸೇರಿದರೆ ಮೂರನೆಯ, ನಾಲ್ಕನೆಯ ಸಾಲು ಬದಲು. ಬೂಟ್‌ಲೋಡರ್ ಹೊಸ ಸಹಿಯದಾದರೆ ಕೊನೆಯದೂ ಬದಲು. ಗಂಟಿನ ಮೇಲೆ ಗಂಟು, ಹಾಗಾಗಿ ಪಿಸಿಆರ್ 7 ಪೂರಾ ಹೊಸದು. ಡಿಸ್ಕಿನ ಕೀಲಿಯನ್ನು ಪಿಸಿಆರ್ 7ಕ್ಕೆ ಕಟ್ಟುವುದು ಬಿಟ್‌ಲಾಕರ್‌ನಲ್ಲೂ ಲಿನಕ್ಸ್‌ನಲ್ಲೂ ವಾಡಿಕೆ. ಅಪ್‌ಡೇಟ್ ಮಾಡುವ ತಂತ್ರಾಂಶ ಮುಂಚೆಯೇ ಕೀಲಿಯನ್ನು ಹೊಸ ಮೌಲ್ಯಕ್ಕೆ ಕಟ್ಟಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಎಲ್ಲೋ ಒಂದು ಕಡೆ ತಪ್ಪಿದರೆ ಮತ್ತೆ ಆ ನೀಲಿ ಪರದೆ.

ಆ ಪರದೆಯ ಮೇಲೆ ಇರಬೇಕಾದದ್ದು ಎರಡು ವಾಕ್ಯ. ‘ಪಿಸಿಆರ್ 7 ಬದಲಾಗಿದೆ: ಡಿಬಿ ಪಟ್ಟಿಗೆ 2023ರ ಸರ್ಟಿಫಿಕೇಟ್ ಸೇರಿದೆ, ಉಳಿದ ಸಾಲುಗಳು ಹಿಂದಿನಂತೆಯೇ ಇವೆ. ಈ ಅಪ್‌ಡೇಟಿಗೆ ನೀವು ಒಪ್ಪಿದ್ದು ನಿನ್ನೆ ಸಂಜೆ.’ ಇದನ್ನು ಬರೆಯಲು ಹೊಸ ಚಿಪ್ಪು ಬೇಡ, ಹೊಸ ಸ್ಟ್ಯಾಂಡರ್ಡ್ ಬೇಡ. ಹಿಂದಿನ ಸಲ ಸರಿಯಾಗಿ ಬೂಟ್ ಆದಾಗಿನ ಲಾಗನ್ನು ಜೋಪಾನ ಮಾಡಿ ಈ ಸಲದ ಲಾಗಿನ ಪಕ್ಕ ಇಟ್ಟರೆ, ಬದಲಾದ ಸಾಲು ತಾನೇ ಎದ್ದು ಕಾಣುತ್ತದೆ. 2023ರ ಡಿಸೆಂಬರಿನಲ್ಲಿ ಬಂದ ಸಿಸ್ಟಮ್‌ಡಿ 255ರ ಪಿಸಿಆರ್‌ಲಾಕ್ ಟೂಲ್ ಸುಮಾರಾಗಿ ಇದೇ ದಿಕ್ಕಿನದು, ಲಾಗಿನ ಪ್ರತಿ ಸಾಲನ್ನೂ ಇದು ಯಾವ ಭಾಗದ ಅಳತೆ ಎಂದು ಗುರುತಿಸಲು ನೋಡುತ್ತದೆ. ಸದ್ಯಕ್ಕೆ ಅದರ ಮಾತು ಕೇಳಿಸುವುದು ಟರ್ಮಿನಲ್ ತೆರೆದು, ರೂಟ್ ಆಗಿ, ಕಮಾಂಡ್ ಕೊಟ್ಟವರಿಗೆ. ಡಿಸ್ಕೇ ತೆರೆಯದೆ ನೀಲಿ ಪರದೆಯ ಮುಂದೆ ಕೂತವರು ಆ ಟರ್ಮಿನಲ್ಲನ್ನು ಎಲ್ಲಿಂದ ತರಬೇಕು?